ಉಳಿಯದ ಮೀನಿಗೆ ನೋವಿಲ್ಲದ ಸಾವು

ಅಕ್ವೇರಿಯಂ ಇಟ್ಟುಕೊಂಡವರಿಂದ ನನಗೆ ಬರುವ ಫೋನ್‌ಗಳಲ್ಲಿ ಹೆಚ್ಚಿನವು ರಾತ್ರಿ ಹೊತ್ತಿನವು. ಮೀನು ಮೂರ್ನಾಲ್ಕು ದಿನದಿಂದ ಸರಿಯಿಲ್ಲ, ಈಗ ಅಡ್ಡ ಬಿದ್ದಿದೆ, ಕಿವಿರು ಮಾತ್ರ ಆಡುತ್ತಿದೆ ಅಂತಾರೆ. ಔಷಧ ಕೇಳುತ್ತಾರೆ. ಸ್ವಲ್ಪ ಹೊತ್ತು ಮಾತಾಡಿದ ಮೇಲೆ ದನಿ ತಗ್ಗಿಸಿ ಇನ್ನೊಂದು ಪ್ರಶ್ನೆ ಕೇಳುತ್ತಾರೆ. "ಡಾಕ್ಟ್ರೇ, ಇದು ಒದ್ದಾಡೋದು ನೋಡೋಕಾಗಲ್ಲ. ಬೇಗ ಹೋಗೋ ಹಾಗೆ ಏನಾದ್ರೂ ಮಾಡಬಹುದಾ?" ಇವತ್ತು ಆ ಪ್ರಶ್ನೆಗೆ ಪೂರ್ತಿ ಉತ್ತರ ಕೊಡುತ್ತೇನೆ. ಮಾಡಬಹುದು, ಮನೆಯಲ್ಲೇ ಮಾಡಬಹುದು. ಆದರೆ ಸರಿಯಾಗಿ ಮಾಡಬೇಕು. ಸರಿಯಾಗಿ ಅಂದರೆ ಹೇಗೆ ಅಂತ ಅಂಗಡಿಯವರು ಹೇಳುವುದಿಲ್ಲ, ಹಾಗಾಗಿ ವಿವರವಾಗಿಯೇ ಹೇಳಬೇಕಾಗುತ್ತದೆ.

ಮೊದಲು ಒಂದು ಮಾತು. ಮಂಗಳೂರಿನಲ್ಲಿ ನಿಂತು ಮೀನಿನ ನೋವಿನ ಬಗ್ಗೆ ಮಾತಾಡಿದರೆ ಯಾರಾದರೂ ಕೇಳಿಯೇ ಕೇಳುತ್ತಾರೆ: ದಿನಾ ಬಂಗುಡೆ, ಬೂತಾಯಿ ತಿನ್ನುವ ಊರಿನಲ್ಲಿ ಒಂದು ಗೋಲ್ಡ್‌ಫಿಷ್‌ಗೆ ಇಷ್ಟೆಲ್ಲಾ ಯಾಕೆ? ನ್ಯಾಯವಾದ ಪ್ರಶ್ನೆ. ನನ್ನ ಉತ್ತರ ಇಷ್ಟೇ. ತಿನ್ನುವ ಮೀನಿನ ವಿಷಯ ಬೇರೆಯೇ ಚರ್ಚೆ, ಅದನ್ನೂ ಮಾಡಬೇಕು. ಆದರೆ ಟ್ಯಾಂಕಿನ ಮೀನನ್ನು ನಾವೇ ದುಡ್ಡು ಕೊಟ್ಟು ತಂದೆವು. ಅದಕ್ಕೆ ಬೇರೆ ಕಡೆ ಹೋಗುವ ದಾರಿ ಇಲ್ಲ. ಅದು ಕುಡಿಯುವ, ಉಸಿರಾಡುವ ನೀರು ನಾವು ಹಾಕಿದ್ದು. ಹಾಗಿದ್ದ ಮೇಲೆ ಅದರ ಕೊನೆಯ ಗಂಟೆಯೂ ನಮ್ಮ ಜವಾಬ್ದಾರಿಯೇ ಅಲ್ವಾ?

ಮೀನಿಗೆ ನೋವಾಗುತ್ತದಾ? 2003ರಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೋ ಹತ್ತಿರದ ರೋಸ್ಲಿನ್ ಇನ್‌ಸ್ಟಿಟ್ಯೂಟ್‌ನಲ್ಲಿ ಲಿನ್ ಸ್ನೆಡನ್ ಮತ್ತು ಅವರ ಜೊತೆಗಾರರು ರೈನ್‌ಬೋ ಟ್ರೌಟ್ ಮೀನಿನ ಮೇಲೆ ಕೆಲಸ ಮಾಡಿದರು. ಅದರ ಮುಖದ ಮೇಲೆ, ಬಾಯಿಯ ಸುತ್ತ, ಗಾಯ, ಬಿಸಿ, ಆಮ್ಲ ಇವನ್ನು ಗುರುತಿಸುವ ನರದ ತುದಿಗಳು ಇವೆ ಅಂತ ತೋರಿಸಿದರು. ತುಟಿಗೆ ಜೇನುನೊಣದ ವಿಷ ಅಥವಾ ಅಸಿಟಿಕ್ ಆಮ್ಲ ಚುಚ್ಚಿದಾಗ ಮೀನಿನ ಉಸಿರಾಟ ಜೋರಾಯಿತು. ತಳದಲ್ಲಿ ಕೂತು ಅತ್ತಿಂದಿತ್ತ ತೂಗಿತು. ಆಮ್ಲ ಚುಚ್ಚಿಸಿಕೊಂಡವು ತುಟಿಯನ್ನು ಜಲ್ಲಿಗೆ ಉಜ್ಜಿಕೊಂಡವು. ಮತ್ತೆ ತಿನ್ನಲು ಶುರು ಮಾಡಲು ಸುಮಾರು 3 ಗಂಟೆ ಹಿಡಿಯಿತು. ಮಾರ್ಫಿನ್ ಕೊಟ್ಟಾಗ ಈ ಒದ್ದಾಟ ಕಡಿಮೆಯಾಯಿತು. ನಮ್ಮ ಹಾಗೆ ಮಿದುಳಿನ ಹೊರಪದರ ಇಲ್ಲದ ಪ್ರಾಣಿಗೆ ನೋವಿನ ಅನುಭವ ಇರಲಾರದು ಅಂತ ವಾದಿಸುವ ವಿಜ್ಞಾನಿಗಳು ಇನ್ನೂ ಇದ್ದಾರೆ. ಅವರ ವಾದವನ್ನೂ ನಾನು ಓದಿದ್ದೇನೆ. ನನಗೆ ಒಪ್ಪಿಗೆಯಾಗಿಲ್ಲ. ಮಾರ್ಫಿನ್ ಕೊಟ್ಟರೆ ಉಜ್ಜಿಕೊಳ್ಳುವುದು ಕಡಿಮೆಯಾಗುತ್ತದೆ ಅಂದ ಮೇಲೆ ಅನುಮಾನದ ಲಾಭ ಮೀನಿಗೇ ಸಿಗಬೇಕು. ಮೀನು ಕೂಗುವುದಿಲ್ಲ, ಕಣ್ಣು ಮುಚ್ಚುವುದಿಲ್ಲ. ಅದಕ್ಕೇ ನಾವು ಬೇಗ ಮರೆಯುತ್ತೇವೆ.

ಕಾನೂನೂ ಮರೆತಿಲ್ಲ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಮನುಷ್ಯನನ್ನು ಬಿಟ್ಟು ಬೇರೆ ಎಲ್ಲ ಜೀವಿಯನ್ನೂ ಪ್ರಾಣಿ ಅಂತಲೇ ಕರೆಯುತ್ತದೆ. ಮೀನೂ ಅದರೊಳಗೆ ಬಂತು.

ಈಗ ವಿಷಯಕ್ಕೆ ಬರೋಣ. ಕೊಲ್ಲುವ ಮಾತಿಗಿಂತ ಮುಂಚೆ ಕೇಳಬೇಕಾದ್ದು, ಈ ಮೀನು ನಿಜಕ್ಕೂ ಸಾಯುತ್ತಿದೆಯಾ? ಇಲ್ಲಿ ನಾನು ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತೇನೆ. ಯಾಕೆಂದರೆ "ಸಾಯ್ತಾ ಇದೆ" ಅಂತ ಬರುವ ಮೀನುಗಳಲ್ಲಿ ಬಹಳಷ್ಟಕ್ಕೆ ರೋಗವೇ ಇರುವುದಿಲ್ಲ. ನೀರು ಕೆಟ್ಟಿರುತ್ತದೆ.

ಮೀನು ಕಿವಿರಿನಿಂದ ಅಮೋನಿಯಾ ಬಿಡುತ್ತಲೇ ಇರುತ್ತದೆ, ಅದು ಮೀನಿಗೇ ವಿಷ. ತಿನ್ನದೆ ಉಳಿದ ಆಹಾರ ಕೊಳೆತರೂ ಅಮೋನಿಯಾ. ಫಿಲ್ಟರ್‌ನಲ್ಲಿರುವ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡಿ, ಆಮೇಲೆ ನೈಟ್ರೇಟ್ ಮಾಡುತ್ತವೆ. ಹೊಸ ಟ್ಯಾಂಕಿನಲ್ಲಿ ಆ ಬ್ಯಾಕ್ಟೀರಿಯಾ ನೆಲೆಯೂರಲು ವಾರಗಟ್ಟಲೆ ಬೇಕು. ನಾವು ಭಾನುವಾರ ಟ್ಯಾಂಕ್ ತಂದು ಸಂಜೆಗೇ ಆರು ಮೀನು ಬಿಡುತ್ತೇವೆ. ಇನ್ನು ಕೆಲವರು ಟ್ಯಾಂಕ್ ಕ್ಲೀನ್ ಮಾಡುವಾಗ ಫಿಲ್ಟರ್ ಸ್ಪಂಜನ್ನು ನಲ್ಲಿ ನೀರಲ್ಲಿ ಚೆನ್ನಾಗಿ ತಿಕ್ಕಿ ತೊಳೆಯುತ್ತಾರೆ. ತುಂಬೆ ಅಣೆಕಟ್ಟಿನಿಂದ ಬರುವ ಮಂಗಳೂರಿನ ನಲ್ಲಿ ನೀರಿಗೆ ಕ್ಲೋರಿನ್ ಹಾಕಿರುತ್ತಾರೆ. ಸ್ಪಂಜಿನಲ್ಲಿದ್ದ ಬ್ಯಾಕ್ಟೀರಿಯಾ ಅಲ್ಲಿಗೆ ಹೋಯಿತು. ಎರಡು ದಿನ ಬಿಟ್ಟು ಮೀನು ಮೇಲೆ ಬಂದು ಬಾಯಿ ಬಾಯಿ ಬಿಡುತ್ತದೆ, ಕಿವಿರು ಕೆಂಪಾಗುತ್ತದೆ, ಮೂಲೆ ಸೇರುತ್ತದೆ. ನೋಡಿದವರಿಗೆ ಸಾಯುವ ಮೀನೇ.

ಬಾವಿ ನೀರು ಹಾಕುವವರಿಗೆ ಬೇರೆ ತೊಂದರೆ. ನಮ್ಮ ಮುರಕಲ್ಲಿನ ಬಾವಿ ನೀರು ಮೆದು, ಸ್ವಲ್ಪ ಆಮ್ಲೀಯ. ಅಂಥ ನೀರಿನಲ್ಲಿ ಪಿಎಚ್ ಬೇಗ ಇಳಿಯುತ್ತದೆ, ಫಿಲ್ಟರ್ ಬ್ಯಾಕ್ಟೀರಿಯಾ ಕೆಲಸ ನಿಧಾನ ಮಾಡುತ್ತವೆ. ಮಳೆಗಾಲದಲ್ಲಿ ಕರೆಂಟ್ ಹೋಗಿ ಏರ್ ಪಂಪ್ ರಾತ್ರಿಯಿಡೀ ನಿಂತರೆ ಬೆಳಿಗ್ಗೆಗೆ ಮೀನೆಲ್ಲ ಮೇಲೆ. ನೀರು ಹೇಗಿದೆ ಅಂತ ತಿಳಿಯಲು ಬೇಕಾದ್ದು ಟೆಸ್ಟ್ ಕಿಟ್. ಅಮೋನಿಯಾ ಸೊನ್ನೆ, ನೈಟ್ರೈಟ್ ಸೊನ್ನೆ ಇರಬೇಕು. ಇಲ್ಲದಿದ್ದರೆ ಅದೇ ಬಿಸುಪಿನ, ಕ್ಲೋರಿನ್ ತೆಗೆದ ನೀರಿನಿಂದ ಕಾಲು ಭಾಗದಿಂದ ಮೂರನೇ ಒಂದು ಭಾಗದವರೆಗೆ ಬದಲಿಸಿ, ಗಾಳಿ ಜೋರು ಮಾಡಿ, ಆಹಾರ ನಿಲ್ಲಿಸಿ. ಎಷ್ಟೋ ಮೀನು ಮಾರನೇ ದಿನ ಎದ್ದು ಓಡಾಡುತ್ತವೆ.

ಹೊಟ್ಟೆ ಮೇಲೆ ಮಾಡಿ ತೇಲುವ ಗೋಲ್ಡ್‌ಫಿಷ್ ಕೂಡ ಎಲ್ಲ ಸಲ ಸಾಯುವ ಮೀನಲ್ಲ. ಒರಾಂಡಾ, ರ್‍ಯಾಂಚು ಥರದ ದುಂಡು ಮೈಯವಕ್ಕೆ ಗಾಳಿಚೀಲದ ತೊಂದರೆ ಸಾಮಾನ್ಯ. ಎರಡು ಮೂರು ದಿನ ಉಪವಾಸ ಹಾಕಿ, ಆಮೇಲೆ ಬೇಯಿಸಿ ಸಿಪ್ಪೆ ತೆಗೆದ ಬಟಾಣಿ ಚೂರು ಕೊಟ್ಟು ನೋಡಿ. ಮೈಮೇಲೆ ಸಕ್ಕರೆ ಹರಳು ಉದುರಿಸಿದ ಹಾಗೆ ಬಿಳಿ ಚುಕ್ಕೆ ಬಂದಿದ್ದರೆ ಅದು ಇಕ್ ಅನ್ನುವ ಪರಾವಲಂಬಿ ರೋಗ, ಬೇಗ ಹಿಡಿದರೆ ಗುಣವಾಗುತ್ತದೆ. ಬಾಲದ ತುದಿ ಹರಿದು ಬಿಳಿಯಾಗುವುದೂ ಹಾಗೇ.

ಈ ಊರಲ್ಲೂ ಬೇರೆ ಊರಲ್ಲೂ ಒಂದು ನಂಬಿಕೆ ಕೇಳುತ್ತಿರುತ್ತೇನೆ. ಅರೋವಾನ, ಫ್ಲವರ್‌ಹಾರ್ನ್ ಸತ್ತರೆ "ಮನೆಗೆ ಬರಬೇಕಿದ್ದ ಕಷ್ಟ ಮೀನು ತಗೊಂಡು ಹೋಯ್ತು" ಅಂತಾರೆ. ನಂಬಿಕೆ ನಿಮ್ಮದು. ಆದರೆ ಹಾಗಂದುಬಿಟ್ಟರೆ ನೀರು ಯಾರು ಪರೀಕ್ಷೆ ಮಾಡುತ್ತಾರೆ? ಮುಂದಿನ ಮೀನೂ ಅದೇ ನೀರಿಗೆ ಬರುತ್ತದೆ.

ಹಾಗಾದರೆ ಯಾವಾಗ ಕೈಬಿಡಬೇಕು? ಒಂದೇ ಲಕ್ಷಣ ನೋಡಿ ತೀರ್ಮಾನ ಮಾಡಬೇಡಿ. ಜಲೋದರದ ಕೊನೆಯ ಹಂತವನ್ನು ನೋಡಿ. ಮೀನನ್ನು ಮೇಲಿಂದ ನೋಡಬೇಕು, ಗಾಜಿನ ಬದಿಯಿಂದ ಗೊತ್ತಾಗುವುದಿಲ್ಲ. ಹೊಟ್ಟೆ ಊದಿ, ಹುರುಪೆ ಒಂದೊಂದೂ ಮೈಯಿಂದ ಎದ್ದು ನಿಂತಿರುತ್ತದೆ. ಕಣ್ಣು ಹೊರಗೆ ಬಂದಿರುತ್ತದೆ. ಒಳಗೆ ಮೂತ್ರಪಿಂಡ ಕೆಲಸ ನಿಲ್ಲಿಸಿದ್ದರಿಂದ ನೀರು ತುಂಬಿದೆ ಅಂತ ಅರ್ಥ. ಆ ಹಂತಕ್ಕೆ ಬಂದ ಮೀನು ಉಳಿಯುವುದು ತೀರಾ ಅಪರೂಪ. ತಿನ್ನುವುದಕ್ಕೆ ಬಿಡದ ಗಡ್ಡೆ, ಮೂಳೆ ಕಾಣುವಷ್ಟು ಆಳದ ಹುಣ್ಣು, ಬೆನ್ನು ಬಾಗಿ ಮೈ ಬತ್ತಿಹೋಗಿರುವುದು, ಇವೂ ಅಂಥವೇ.

ಲಕ್ಷಣದ ಜೊತೆಗೆ ನಡವಳಿಕೆ ನೋಡಿ. ನೀವು ಟ್ಯಾಂಕಿನ ಹತ್ತಿರ ಹೋದರೆ ಮೀನು ಮುಂದಕ್ಕೆ ಬರುತ್ತಿತ್ತಲ್ಲ, ಈಗ ಬರುತ್ತದಾ? ನೀರು ಸರಿಮಾಡಿ, ಔಷಧ ಕೊಟ್ಟು, ವಾರ ಕಳೆದ ಮೇಲೂ ತಿನ್ನುತ್ತಿಲ್ಲ, ನೇರ ನಿಲ್ಲಲು ಆಗುತ್ತಿಲ್ಲ, ಬೇರೆ ಮೀನು ಬಂದು ರೆಕ್ಕೆ ಕಚ್ಚಿದರೂ ತಪ್ಪಿಸಿಕೊಳ್ಳುತ್ತಿಲ್ಲ ಅಂದರೆ ಸಮಯ ಬಂದಿದೆ. ಇನ್ನೂ ನಾಲ್ಕು ದಿನ ನೋಡೋಣ ಅನ್ನುವುದು ಮನಸ್ಸಿಗೆ ಸುಲಭ. ಆ ನಾಲ್ಕು ದಿನವನ್ನು ಅನುಭವಿಸುವುದು ಮೀನು.

ಏನು ಮಾಡಬಾರದು ಅನ್ನುವುದನ್ನು ಬೇಗ ಹೇಳಿ ಮುಗಿಸುತ್ತೇನೆ. ಟಾಯ್ಲೆಟ್‌ಗೆ ಹಾಕಿ ಫ್ಲಷ್ ಮಾಡಬೇಡಿ. ಮೀನು ಅಲ್ಲಿ ಸಾಯುವುದಿಲ್ಲ, ಕಣ್ಣಿಗೆ ಕಾಣದ ಕಡೆ ಹೋಗಿ ಕೊಳಕು ನೀರಿನಲ್ಲಿ ನಿಧಾನವಾಗಿ ಸಾಯುತ್ತದೆ. ನೀರಿಂದ ತೆಗೆದು ಪೇಪರ್ ಮೇಲೆ ಇಡಬೇಡಿ. ಬಿಸಿನೀರು, ಉಪ್ಪಿನ ರಾಶಿ, ಫಿನಾಯಿಲ್, ಸೋಡಾ ಮಾತ್ರೆ ಯಾವುದೂ ಬೇಡ. ಬರೀ ಬ್ರಾಂಡಿ ಸುರಿಯುವುದೂ ಬೇಡ, ಕಿವಿರು ಉರಿಯುತ್ತದೆ.

ಫ್ರೀಜರ್ ಬಗ್ಗೆ ಮಾತ್ರ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ "ಮೀನಿಗೆ ನಿದ್ದೆ ಬಂದ ಹಾಗೆ ಆಗುತ್ತೆ" ಅಂತ ಬಹಳ ಜನ ನಂಬಿದ್ದಾರೆ. ಲ್ಯಾಬ್‌ಗಳಲ್ಲಿ ಜೀಬ್ರಾಫಿಷ್ ಥರದ, 3.8 ಸೆಂಟಿಮೀಟರ್‌ಗಿಂತ ಚಿಕ್ಕ, ಬೆಚ್ಚಗಿನ ನೀರಿನ ಮೀನನ್ನು 2ರಿಂದ 4 ಡಿಗ್ರಿ ನೀರಿಗೆ ಒಮ್ಮೆಲೇ ಹಾಕುವ ಕ್ರಮ ಇದೆ. ಕ್ಷಣದಲ್ಲಿ ಪ್ರಜ್ಞೆ ಹೋಗುತ್ತದೆ. ಅಮೆರಿಕದ ಪಶುವೈದ್ಯರ ಸಂಘದ ಮಾರ್ಗಸೂಚಿ ಅದನ್ನು ಷರತ್ತು ಹಾಕಿ ಒಪ್ಪುತ್ತದೆ. ನಿಮ್ಮ ಫ್ರೀಜರ್‌ನಲ್ಲಿ ಒಂದು ಡಬ್ಬಿ ನೀರು ನಿಧಾನವಾಗಿ ತಣ್ಣಗಾಗುವುದು ಅದಲ್ಲ. ಗೋಲ್ಡ್‌ಫಿಷ್, ಕೋಯಿ ವಿಷಯದಲ್ಲಂತೂ ಇದು ದೊಡ್ಡ ಹಿಂಸೆ. ಅವು ತಣ್ಣೀರಿನ ಮೀನು, ಚಳಿಗೆ ಸಾಯುವುದಿಲ್ಲ. ಅಷ್ಟೇ ಅಲ್ಲ, ಗೋಲ್ಡ್‌ಫಿಷ್‌ಗೆ ಒಂದು ವಿಚಿತ್ರ ಶಕ್ತಿ ಇದೆ. ಆಮ್ಲಜನಕ ಇಲ್ಲದಾಗ ಅದರ ಮೈ ಲ್ಯಾಕ್ಟಿಕ್ ಆಮ್ಲವನ್ನು ಆಲ್ಕೋಹಾಲ್ ಮಾಡಿ ಕಿವಿರಿನಿಂದ ಹೊರಗೆ ಹಾಕುತ್ತದೆ. ಮಂಜು ಕಟ್ಟಿದ ಕೊಳದ ಕೆಳಗೆ ಚಳಿಗಾಲ ಕಳೆಯಲು ಅದು ಬೆಳೆಸಿಕೊಂಡ ದಾರಿ. ಉಸಿರು ಕಟ್ಟಿಸಿ ಅಥವಾ ತಣ್ಣಗೆ ಮಾಡಿ ಕೊಲ್ಲಲು ಹೋದರೆ ಅದೇ ಶಕ್ತಿ ಅದರ ಸಾವನ್ನು ಎಳೆಯುತ್ತದೆ.

ಇನ್ನೊಂದು, ನಮ್ಮ ಕಡೆ ಪುಣ್ಯದ ಕೆಲಸ ಅಂತ ಮಾಡುವುದು: "ಪಾಪ, ಹೊಳೆಗೆ ಬಿಟ್ಟುಬಿಡೋಣ." ದಯವಿಟ್ಟು ಬೇಡ. ಶಿಶಿಲದಲ್ಲಿ ಕಪಿಲಾ ಹೊಳೆಯ ದೇವರ ಮೀನು ನೋಡಿದ್ದೀರಲ್ಲ? 1996ರಲ್ಲಿ ಯಾರೋ ಅಲ್ಲಿ ವಿಷ ಹಾಕಿ ಸಾವಿರಾರು ಮೀನು ಸತ್ತವು. ಊರವರು ಸತ್ತ ಮೀನುಗಳಿಗೆ ಸ್ಮಾರಕ ಕಟ್ಟಿದ್ದಾರೆ. ಅಷ್ಟು ಪ್ರೀತಿ ಇರುವ ನೀರಿಗೆ ನಮ್ಮ ಟ್ಯಾಂಕಿನ ರೋಗ, ಪರಾವಲಂಬಿ ಹುಳ ಬಿಡುವುದು ಸರಿಯಾ? ಟ್ಯಾಂಕಿನ ಪಾಚಿ ತಿನ್ನಲಿ ಅಂತ ತಂದ ಸಕ್ಕರ್ ಮೀನು ದೊಡ್ಡದಾಯಿತು ಅಂತ ಹೊರಗೆ ಬಿಟ್ಟು ಬಿಟ್ಟು, ಈಗ ದಕ್ಷಿಣ ಭಾರತದ ಎಷ್ಟೋ ಕೆರೆ ನದಿಗಳಲ್ಲಿ ಮೀನುಗಾರರ ಬಲೆ ತುಂಬ ಅದೇ. ಸಾಯುವ ಮೀನಿಗೂ ಹೊಳೆಯಲ್ಲಿ ಸುಖ ಸಿಗುವುದಿಲ್ಲ, ದೊಡ್ಡ ಮೀನಿನ ಬಾಯಿ ಸಿಗುತ್ತದೆ.

ಸರಿ, ಮಾಡಬೇಕಾದ್ದು. ಮನೆಯಲ್ಲಿ ಮಾಡಲು ನಾನು ಹೇಳುವುದು ಲವಂಗದ ಎಣ್ಣೆ. ಹಲ್ಲುನೋವಿಗೆ ಹತ್ತಿಯಲ್ಲಿ ಅದ್ದಿ ಇಡುತ್ತೇವಲ್ಲ, ಅದೇ. ಮೆಡಿಕಲ್ ಶಾಪ್‌ನಲ್ಲೂ ಗ್ರಂಥಿಗೆ ಅಂಗಡಿಯಲ್ಲೂ ಚಿಕ್ಕ ಬಾಟಲಿ ಸಿಗುತ್ತದೆ. ಅದರಲ್ಲಿರುವ ಯುಜೆನಾಲ್ ಮೀನಿಗೆ ಅರಿವಳಿಕೆ. ಕಡಿಮೆ ಹಾಕಿದರೆ ಮಂಪರು, ಜಾಸ್ತಿ ಹಾಕಿದರೆ ಸಾವು. ಬಾಟಲಿ ಮೇಲೆ ಶುದ್ಧ ಲವಂಗದ ಎಣ್ಣೆ ಅಂತ ಇರಬೇಕು. ಬೇರೆ ಎಣ್ಣೆ ಬೆರೆಸಿದ ಮಸಾಜ್ ಎಣ್ಣೆ ಕೆಲಸಕ್ಕೆ ಬರುವುದಿಲ್ಲ.

ಮುಂದೆ ಬಳಸದೇ ಇರುವ ಒಂದು ಪಾತ್ರೆ ತಗೊಳ್ಳಿ. ಪ್ಲಾಸ್ಟಿಕ್‌ಗೆ ಈ ಎಣ್ಣೆ ಅಂಟಿದರೆ ಬಿಡುವುದಿಲ್ಲ, ಆಮೇಲೆ ಟ್ಯಾಂಕಿನ ಕೆಲಸಕ್ಕೆ ಅದನ್ನು ಬಳಸಬಾರದು. ನೀರು ಮೀನಿನ ಟ್ಯಾಂಕಿನದ್ದೇ ಆಗಿರಲಿ, ಎಷ್ಟು ಲೀಟರ್ ಅಂತ ಅಳೆದು ಹಾಕಿ. ಚಿಕ್ಕ ಮೀನಿಗೆ ಎರಡು ಲೀಟರ್ ಸಾಕು. ಏರ್ ಸ್ಟೋನ್ ಇದ್ದರೆ ಮೆಲ್ಲಗೆ ಬಿಡಿ. ಲೈಟ್ ಕಡಿಮೆ ಮಾಡಿ, ಕಿಟಕಿ ತೆರೆಯಿರಿ, ವಾಸನೆ ಜೋರಿರುತ್ತದೆ. ಮೀನನ್ನು ಬಲೆಯಲ್ಲಿ ಅಟ್ಟಾಡಿಸಬೇಡಿ. ಒಂದು ಮಗ್ ನೀರೊಳಗೆ ಇಳಿಸಿ, ನೀರಿನ ಸಮೇತ ಎತ್ತಿ ತನ್ನಿ.

ಎಣ್ಣೆಯನ್ನು ನೇರವಾಗಿ ಪಾತ್ರೆಗೆ ಹಾಕಬಾರದು. ಹೆಚ್ಚಿನವರು ಎಡವುವುದು ಇಲ್ಲೇ. ಎಣ್ಣೆ ನೀರಿನಲ್ಲಿ ಕರಗುವುದಿಲ್ಲ. ಹನಿಹನಿಯಾಗಿ ಉಳಿದು ಕಿವಿರಿಗೆ ತಾಗಿದರೆ ಉರಿ, ಮೀನು ಹಾರುತ್ತದೆ. ಮುಚ್ಚಳ ಇರುವ ಒಂದು ಚಿಕ್ಕ ಬಾಟಲಿಗೆ ಉಗುರುಬೆಚ್ಚಗಿನ ನೀರು ಹಾಕಿ, ಎಣ್ಣೆ ಹನಿಸಿ, ಮುಚ್ಚಿ ಜೋರಾಗಿ ಕುಲುಕಿ. ಮೇಲೆ ಎಣ್ಣೆಯ ಹೊಳಪು ಹೋಗಿ ಇಡೀ ನೀರು ಬೆಳ್ಳಗಾಗಬೇಕು. ಅಷ್ಟಾಗುವವರೆಗೂ ಕುಲುಕಿ. ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಬೇರೆಯಾಗುತ್ತದೆ, ಹಾಕುವ ಮುಂಚೆ ಮತ್ತೆ ಕುಲುಕಬೇಕು.

ಎರಡು ಹಂತದಲ್ಲಿ ಮಾಡಿ. ಮೊದಲು ನಿದ್ದೆ. ಪಾತ್ರೆಯ ಲೀಟರಿಗೆ 2 ಹನಿ ಲೆಕ್ಕದಲ್ಲಿ ಕಲಸಿದ ಬಿಳಿ ನೀರನ್ನು ಮೀನಿನಿಂದ ದೂರ, ಅಂಚಿನಲ್ಲಿ, ನಾಲ್ಕೈದು ನಿಮಿಷ ತಗೊಂಡು ಸ್ವಲ್ಪ ಸ್ವಲ್ಪ ಸುರಿಯಿರಿ. ಮೊದಲು ಮೀನು ಸ್ವಲ್ಪ ಚುರುಕಾಗಬಹುದು, ಗಾಬರಿ ಬೇಡ. ಆಮೇಲೆ ನಿಧಾನವಾಗುತ್ತದೆ, ಓರೆಯಾಗುತ್ತದೆ, ಮಲಗುತ್ತದೆ. ಬಾಲದ ಬುಡವನ್ನು ಬೆರಳಿಂದ ಮೆಲ್ಲಗೆ ಹಿಸುಕಿ ನೋಡಿ. ಅಲುಗಿದರೆ ಇನ್ನೂ ಕಾಯಿರಿ, ಬೇಕಾದರೆ ಲೀಟರಿಗೆ ಇನ್ನೊಂದು ಹನಿಯಷ್ಟು ಹಾಕಿ. ಅಲುಗದಿದ್ದರೆ ಎರಡನೇ ಹಂತ. ಲೀಟರಿಗೆ ಇನ್ನೂ 8ರಿಂದ 10 ಹನಿ ಬೇರೆಯಾಗಿ ಕುಲುಕಿ ಪೂರ್ತಿ ಹಾಕಿ. ಸುಮಾರು 20 ಹನಿ ಅಂದರೆ 1 ಮಿಲಿಲೀಟರ್. ಸಿರಿಂಜ್ ಇದ್ದರೆ ಲೆಕ್ಕ ಇನ್ನೂ ಸರಿ: ಒಟ್ಟು ಲೀಟರಿಗೆ ಅರ್ಧ ಮಿಲಿಲೀಟರ್. ಕಡಿಮೆ ಮಾಡುವುದಕ್ಕಿಂತ ಒಂದೆರಡು ಹನಿ ಜಾಸ್ತಿಯಾದರೆ ಪರವಾಗಿಲ್ಲ, ಮೀನಿಗೆ ಆಗಲೇ ಪ್ರಜ್ಞೆ ಇರುವುದಿಲ್ಲ.

ಇಲ್ಲಿ ಕಣ್ಣಿನ ಬಗ್ಗೆ ಒಂದು ಮಾತು. ಮೀನನ್ನು ನೀರಲ್ಲೇ ಮೆಲ್ಲಗೆ ಆ ಕಡೆ ಈ ಕಡೆ ಹೊರಳಿಸಿ ಅದರ ಕಣ್ಣು ನೋಡಿ. ಮಿದುಳು ಕೆಲಸ ಮಾಡುತ್ತಿದ್ದರೆ ಮೈ ಹೊರಳಿದರೂ ಕಣ್ಣುಗುಡ್ಡೆ ತಿರುಗಿ ಮಟ್ಟವಾಗಿ ಉಳಿಯಲು ನೋಡುತ್ತದೆ. ಅರಿವಳಿಕೆ ಆಳಕ್ಕೆ ಹೋಗಿದ್ದರೆ ಕಣ್ಣು ಮೈ ಜೊತೆಗೇ ಹೊರಳುತ್ತದೆ, ತನ್ನಷ್ಟಕ್ಕೆ ತಿರುಗುವುದಿಲ್ಲ. ಮೀನಿಗೆ ಮುಚ್ಚುವ ರೆಪ್ಪೆ ಇಲ್ಲವಾದ್ದರಿಂದ ನಮಗೆ ಇದೇ ಗುರುತು.

ಕಿವಿರಿನ ಮುಚ್ಚಳ ಆಡುವುದು ನಿಂತ ತಕ್ಷಣ ಸತ್ತಿತು ಅಂದುಕೊಳ್ಳಬೇಡಿ. ಆಗ ತೆಗೆದು ಒಳ್ಳೆ ನೀರಿಗೆ ಹಾಕಿದರೆ ಮೀನು ಮತ್ತೆ ಎಚ್ಚರವಾಗಬಹುದು. ಮಣ್ಣಲ್ಲಿ ಹೂತ ಮೇಲೆ ಹಾಗಾದರೆ ಏನು ಗತಿ, ಯೋಚನೆ ಮಾಡಿ. ಅಮೆರಿಕದ ಮಾರ್ಗಸೂಚಿ ಕಿವಿರು ನಿಂತ ಮೇಲೆ ಕನಿಷ್ಠ 10 ನಿಮಿಷ ಬಿಡಿ ಅನ್ನುತ್ತದೆ. ಮನೆಯಲ್ಲಿ ಮಾಡುವಾಗ ಅರ್ಧ ಗಂಟೆಗೆ ಕಡಿಮೆ ಬೇಡ ಅನ್ನುವುದು ನನ್ನ ಮಾತು, ಗೋಲ್ಡ್‌ಫಿಷ್‌ಗೆ ಒಂದು ಗಂಟೆ. ಆಗಲೇ ಹೇಳಿದೆನಲ್ಲ, ಅದು ಉಸಿರಿಲ್ಲದೆ ತಡೆಯುವ ಮೀನು. ಫೈಟರ್, ಗೌರಾಮಿ ಇವೂ ಮೇಲೆ ಬಂದು ಗಾಳಿ ಕುಡಿಯುವಂಥವು, ನಿದ್ದೆ ಬರಲು ಸ್ವಲ್ಪ ಜಾಸ್ತಿ ಹೊತ್ತು ಹಿಡಿಯಬಹುದು. ಅವಸರ ಬೇಡ.

ದೊಡ್ಡ ಮೀನಿಗೆ, ಅಂದರೆ ಗೇಣುದ್ದದ ಆಸ್ಕರ್, ಕೋಯಿ, ಅರೋವಾನ ಇಂಥವಕ್ಕೆ, ಪಶುವೈದ್ಯರನ್ನು ಕರೆಯಿರಿ. ಅವರ ಹತ್ತಿರ ಟ್ರೈಕೇನ್ ಅನ್ನುವ ಅರಿವಳಿಕೆ ಔಷಧ ಇರಬಹುದು. ಅದು ನೀರನ್ನು ಆಮ್ಲೀಯ ಮಾಡುತ್ತದೆ. ಅಡುಗೆ ಸೋಡಾ ಬೆರೆಸಿ ಸರಿಮಾಡಿಯೇ ಬಳಸಬೇಕು, ನಮ್ಮ ಬಾವಿ ನೀರಿಗಂತೂ ಸೋಡಾ ಇಲ್ಲದೆ ಆಗುವುದೇ ಇಲ್ಲ. ಪ್ರಜ್ಞೆ ಹೋದ ಮೇಲೆ ಮಿದುಳನ್ನು ನಾಶ ಮಾಡುವ ಎರಡನೇ ಹೆಜ್ಜೆಯನ್ನೂ ಅವರೇ ಮಾಡುತ್ತಾರೆ. ತಲೆಗೆ ಒಂದೇ ಪೆಟ್ಟು ಕೊಡುವುದು ಕೈ ಪಳಗಿದವರಿಗೆ ಸರಿ, ಅದೂ ಬೇಗನೆ ಆಗುವ ಸಾವೇ. ಸಾಕಿದ ಮೀನಿನ ಮೇಲೆ ನಡುಗುವ ಕೈಯಲ್ಲಿ ಅದನ್ನು ಮಾಡಲು ಹೋಗಬೇಡಿ.

ಸತ್ತ ಮೇಲೆ ಆ ಮೀನನ್ನು ಬೆಕ್ಕಿಗೆ ಹಾಕಬೇಡಿ, ಬೇರೆ ಮೀನಿಗೂ ಹಾಕಬೇಡಿ. ತೆಂಗಿನ ಬುಡದಲ್ಲಿ ನಾಯಿ, ಮುಂಗುಸಿ ಕೆದಕದಷ್ಟು ಆಳಕ್ಕೆ ಹೂಳಿ. ಲವಂಗದ ನೀರನ್ನು ಬಾವಿ, ತೋಡು, ಕೆರೆಯ ಹತ್ತಿರ ಚೆಲ್ಲಬಾರದು, ಸ್ವಲ್ಪವಾದರೂ ಅಲ್ಲಿನ ಮೀನಿಗೆ ತೊಂದರೆ. ಮೈ ಬತ್ತಿ, ಹುಣ್ಣಾಗಿ, ಬೆನ್ನು ಬಾಗಿ ಸತ್ತ ಮೀನಾದರೆ ಕ್ಷಯದ ಅನುಮಾನ ಇಟ್ಟುಕೊಳ್ಳಿ. ಮೀನಿನ ಕ್ಷಯದ ಬ್ಯಾಕ್ಟೀರಿಯಾ ಮನುಷ್ಯರ ಕೈಯ ಗಾಯದಿಂದ ಒಳಗೆ ಹೋಗಿ ತಿಂಗಳುಗಟ್ಟಲೆ ವಾಸಿಯಾಗದ ಗಂಟು ಮಾಡಬಲ್ಲದು. ಕೈಗವಸು ಹಾಕಿ, ಬಾಯಿಯಿಂದ ಪೈಪ್ ಎಳೆದು ಟ್ಯಾಂಕ್ ನೀರು ತೆಗೆಯುವ ಅಭ್ಯಾಸ ಬಿಡಿ.

ಮಕ್ಕಳಿಗೆ ಏನು ಹೇಳುವುದು ಅಂತ ಒಬ್ಬರು ಅಮ್ಮ ಕೇಳಿದರು. ನಿಜ ಹೇಳಿ. ಸಮುದ್ರಕ್ಕೆ ಹೋಯ್ತು ಅಂದರೆ ಮಗು ಸಮುದ್ರದ ಹತ್ತಿರ ಹೋದಾಗಲೆಲ್ಲ ಹುಡುಕುತ್ತದೆ. ಮೀನಿಗೆ ಗುಣವಾಗದ ಕಾಯಿಲೆ ಇತ್ತು, ನೋವಾಗದ ಹಾಗೆ ನಾವೇ ಕಳಿಸಿದೆವು ಅನ್ನಿ. ಮಗು ಹೂಳುವಾಗ ಬರುತ್ತೇನೆ ಅಂದರೆ ಕರೆದುಕೊಂಡು ಹೋಗಿ. ಎಣ್ಣೆ ಹಾಕುವಾಗ ಬೇಡ.

ಇನ್ನೊಬ್ಬರು ಹಿರಿಯರು ಕೇಳಿದ್ದು: "ನಮ್ಮ ಮನೆಯಲ್ಲಿ ಕೊಲ್ಲೋದೇ ಇಲ್ಲ. ಕೈಯಾರೆ ಮಾಡಿದರೆ ಪಾಪ ಅಲ್ವಾ?" ನಿಮ್ಮ ಮನಸ್ಸಿಗೆ ಒಪ್ಪದ್ದನ್ನು ಮಾಡಿ ಅಂತ ನಾನು ಹೇಳಲಾರೆ. ಆದರೆ ಸುಮ್ನೆ ಬಿಡುವುದಕ್ಕೂ ಒಂದು ಕ್ರಮ ಇದೆ. ಬೇರೆ ಮೀನು ಕಚ್ಚದ ಹಾಗೆ ಪ್ರತ್ಯೇಕ ಮಾಡಿ. ಮೇಲೆ ಬಂದು ಉಸಿರು ಎಳೆಯಲು ಕಷ್ಟಪಡದ ಹಾಗೆ ನೀರು ಕಡಿಮೆ ಆಳ ಇರಲಿ. ಅದೇ ಬಿಸುಪಿನ ನೀರನ್ನು ದಿನಾ ಸ್ವಲ್ಪ ಬದಲಿಸಿ, ಗಾಳಿ ಬಿಡಿ, ಮೇಲೆ ಬಟ್ಟೆ ಮುಚ್ಚಿ ಕತ್ತಲೆ ಮಾಡಿ, ಆಹಾರ ಹಾಕಬೇಡಿ. ಇಲ್ಲವಾದರೆ ಈ ಕೆಲಸವನ್ನು ನಿಮ್ಮ ಬದಲು ಮಾಡಿಕೊಡಲು ಪಶುವೈದ್ಯರನ್ನು ಕೇಳಿ. ಇಲ್ಲೇ ನಮ್ಮೂರಲ್ಲಿ 1969ರಿಂದ ಮೀನುಗಾರಿಕೆ ಕಾಲೇಜು ಇದೆ. ಮೀನಿನ ರೋಗ ಓದಿದವರು ಅಲ್ಲಿದ್ದಾರೆ. ಟ್ಯಾಂಕಿನಲ್ಲಿ ಒಂದರ ಹಿಂದೆ ಒಂದು ಮೀನು ಸಾಯುತ್ತಿದ್ದರೆ ಮೂರನೆಯದಕ್ಕೆ ಕಾಯಬೇಡಿ. ಒಂದು ಬಾಟಲಿಯಲ್ಲಿ ಟ್ಯಾಂಕಿನ ನೀರು ತುಂಬಿಕೊಂಡು, ಮೀನು ಯಾವತ್ತು ತಂದದ್ದು, ನೀರು ಯಾವತ್ತು ಬದಲಿಸಿದ್ದು, ಏನು ಔಷಧ ಹಾಕಿದ್ದು ಅಂತ ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ ಕೇಳಿ.